ಟ್ರೆಬಲ್ ಇನ್ನೂ ಸ್ವಲ್ಪ

ಚಿಕ್ಕೋಡಿಯಿಂದ ಹಿಡಿದು ಕಾಗವಾಡದವರೆಗೆ ಯಾರ ಮನೆಗೆ ಹೊಸ ಟೇಪ್ ಡೆಕ್ಕು ಬಂದರೂ ಮೊದಲು ನಮ್ಮ ಕಾಕಾನಿಗೆ ಕೇಳಿಸಬೇಕಿತ್ತು. ಕಾಕಾ ತಲೆ ಒಂದು ಬದಿಗೆ ವಾಲಿಸಿ, ಅರ್ಧ ಹಾಡು ಕೇಳಿ, 'ಅಡ್ಡಿಯಿಲ್ಲ' ಅಂದ ಮೇಲೆಯೇ ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಬಿಚ್ಚುವುದು. 'ಟ್ರೆಬಲ್ ಇನ್ನೂ ಸ್ವಲ್ಪ ಬೇಕಾಗಿತ್ತು' ಅಂದನೋ, ಆ ಮನೆಯ ಯಜಮಾನನಿಗೆ ಒಂದು ವಾರ ಊಟ ಸೇರುತ್ತಿರಲಿಲ್ಲ. ಇಂಥ ಕಾಕಾನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಕೊನೆಗೆ ಹೇಳಿ ನಿಮ್ಮನ್ನು ಬೆರಗುಗೊಳಿಸುವ ಹಂಚಿಕೆ ನನಗಿಲ್ಲ. ಮನೆಯವರಿಗೆ ಗೊತ್ತಿತ್ತು, ಓಣಿಗೆ ಗೊತ್ತಿತ್ತು, ಗೆಳೆಯರಿಗೆ ಗೊತ್ತಿತ್ತು. ಗೊತ್ತಿಲ್ಲದವನು ಕಾಕಾ ಒಬ್ಬನೇ, ಮತ್ತು ಅವನಿಗೆ ಗೊತ್ತಾಗಬಾರದು ಎನ್ನುವುದು ಅವನ ಹೆಂಡತಿಯ, ಅಂದರೆ ನಮ್ಮ ಕಾಕುವಿನ ಹಟ.

ನಾನು ಜುಗೂಳದವಳು. ಅಪ್ಪ ಹೊಳೆದಂಡೆಯ ಕಬ್ಬು ನೋಡಿಕೊಂಡು ಊರಲ್ಲೇ ಉಳಿದ. ಅವನ ತಮ್ಮ, ಅಂದರೆ ಈ ಕಾಕಾ, ಐಟಿಐ ಮುಗಿಸಿ ಸಕ್ಕರೆ ಕಾರ್ಖಾನೆ ಸೇರಿದ, ಚಿಕ್ಕೋಡಿಯಲ್ಲಿ ಮನೆ ಮಾಡಿದ. ಎಂಬತ್ತರ ದಶಕದ ನಡುವೆ ಕಾಲೇಜು ಓದಲು ನಾನು ಕಾಕಾ-ಕಾಕುವಿನ ಮನೆಗೆ ಬಂದೆ. ಓದು ಮುಗಿದು ರಾಯಬಾಗದ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕ ಮೇಲೂ ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಅಲ್ಲಿಗೇ ಬರುತ್ತಿದ್ದೆ. ಮನೆಯಲ್ಲಿ ನಾವು ಮೂವರು, ನಾಲ್ಕನೆಯದು ಕಾಕಾನ ಹಾಡಿನ ಸೆಟ್ಟು. ನಡುಮನೆಯಲ್ಲಿ ಒಳ್ಳೆಯ ಗಾಳಿ ಬರುವ ಜಾಗ ಅದಕ್ಕೇ ಮೀಸಲು. ನನ್ನ ಓದುವ ಮೇಜು ಅಡುಗೆಮನೆಯಲ್ಲಿ, ಜೋಳದ ಚೀಲಗಳ ಪಕ್ಕ.

ಕಾಕಾನ ಕಿವಿಗೆ ಹೆಸರು ಬಂದದ್ದು ಸುಮ್ಮಸುಮ್ಮನೆ ಅಲ್ಲ. ಕಾರ್ಖಾನೆಯಲ್ಲಿ ಅವನ ಕೆಲಸ ಮಿಲ್ ಹೌಸಿನಲ್ಲಿ, ಕಬ್ಬು ಅರೆಯುವ ದೊಡ್ಡ ಗಾಣಗಳ ಮಗ್ಗುಲಲ್ಲೇ. ಗಾಣ ತಿರುಗುತ್ತಿರುವಾಗ ಕಬ್ಬಿಣದ ಸಲಾಕೆಯ ಒಂದು ತುದಿ ಬೇರಿಂಗಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ, 'ಇದು ಈ ವಾರ ತಾಳೂದಿಲ್ಲ' ಅನ್ನುತ್ತಿದ್ದ. ಅದು ತಾಳುತ್ತಿರಲಿಲ್ಲ. ಹಂಗಾಮು ಶುರುವಾದರೆ ಆ ಗದ್ದಲದಲ್ಲಿ ಯಾರೂ ಬಾಯಿಂದ ಮಾತಾಡುವಂತಿಲ್ಲ, ಎಲ್ಲ ಕೈಸನ್ನೆ. ಕಿವಿಗೆ ಅರಳೆ ಇಟ್ಟುಕೊಳ್ಳಿ ಎಂದು ಮೇಲಿನವರು ಹೇಳಿದ್ದರಂತೆ. ಅರಳೆ ಇಟ್ಟುಕೊಂಡರೆ ಬೇರಿಂಗಿನ ಮಾತು ತಿಳಿಯುವುದಿಲ್ಲ ಎಂದು ಕಾಕಾ ಅದನ್ನು ಕಿತ್ತೊಗೆದಿದ್ದ. ಕಿವಿಯ ಮೇಲಿನ ಅಭಿಮಾನಕ್ಕೇ ಕಿವಿ ಕಳೆದುಕೊಂಡವನನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಕಿವಿ ಒಮ್ಮೆಲೇ ಹೋಗುವುದಿಲ್ಲ. ಮೊದಲು ತೆಳ್ಳನೆಯ ಸಪ್ಪಳಗಳು ಹೋಗುತ್ತವೆ, ತಾಳ, ಗೆಜ್ಜೆ, ಬಳೆ, ಚಮಚ. ತಬಲಾದ ಡಗ್ಗಾ, ಲಾರಿ, ಗುಡುಗು ಇದ್ದಲ್ಲೇ ಇರುತ್ತವೆ. ಹಾಗಾಗಿ ಮನುಷ್ಯನಿಗೆ ತಾನು ಕಿವುಡಾಗುತ್ತಿದ್ದೇನೆ ಅನಿಸುವುದಿಲ್ಲ, ಲೋಕವೇ ಮಂಕಾಗುತ್ತಿದೆ ಅನಿಸುತ್ತದೆ. ಕಾಕಾನ ಪಾಲಿಗೆ ಲೋಕ ಎಂದರೆ ಮುಂಬಯಿಯಿಂದ ತರಿಸಿದ, ರೇಡಿಯೊ ಟೇಪು ಎರಡೂ ಇರುವ ಜಪಾನಿನ ಟೂ-ಇನ್-ವನ್. ಒಂದು ದಿನ ಅದಕ್ಕೆ ಭಜನೆಯ ಕ್ಯಾಸೆಟ್ಟು ಹಾಕಿ, 'ಯಾಕೋ ತಾಳ ಬರವಲ್ದು' ಅಂದ. ಸ್ಪಿರಿಟ್ಟಿನಲ್ಲಿ ಅರಳೆ ಅದ್ದಿ ಹೆಡ್ಡು ಒರೆಸಿದ. ಕ್ಯಾಸೆಟ್ಟು ಬದಲಿಸಿದ. ತಾಳ ಬರಲಿಲ್ಲ. ನನಗೂ ಕಾಕುಗೂ ಆ ತಾಳ ಹಿತ್ತಲಿನವರೆಗೆ ಕೇಳುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ನನ್ನ ಕಾಲು ತುಳಿದಳು.

'ಹೌದ್ರಿ, ನನಗೂ ಕೇಳಸವಲ್ದು' ಅಂದಳು.

ಆಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ನನಗೆ ಹೇಳಿದಳು: 'ಮಂದಿ ಅವ್ರನ್ನ ಕೇಳಾಕ ಬರ್ತಾರ. ಅವ್ರಿಗೆ ಇರೂದ ಅದೊಂದ ಹೆಮ್ಮಿ. ಅದನ್ನೂ ಕಸಗೊಂಡ್ರ ಮನಶ್ಯಾನ ಹಂತೇಕ ಏನ ಉಳೀತೈತಿ ತಂಗಿ?' ಆ ದಿನಗಳಲ್ಲಿ ಕಾಕುವಿನ ದನಿ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಇಷ್ಟು ಮಾತನ್ನೂ ನಾನು ಅವಳ ಹತ್ತಿರ ಸರಿದೇ ಕೇಳಬೇಕಾಯಿತು.

ಅಲ್ಲಿಂದ ಶುರುವಾಯಿತು ಸೆಟ್ಟುಗಳ ಮೆರವಣಿಗೆ. ತಾಳ ಬಾರದ ಟೂ-ಇನ್-ವನ್ನು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಮನೆಗೆ ಹೋಯಿತು, ಕಾಕಾನಿಗೆ ಬೇರೆ ಡೆಕ್ಕು, ಬೇರೆ ಆಂಪ್ಲಿಫಾಯರು ಬಂತು. ಕೆಲವು ಕಾಲಕ್ಕೆ ಅದರ ತಾಳವೂ ಸತ್ತಿತು. ಅದು ಕಾಗವಾಡದ ದ್ರಾಕ್ಷಿ ತೋಟದ ಯಜಮಾನರಿಗೆ ಹೋಯಿತು, ಕಾಕಾನಿಗೆ ಸೊಂಟಮಟ್ಟದ ಸ್ಪೀಕರುಗಳು ಬಂದವು, ಜೊತೆಗೆ ಸಾಲಾಗಿ ಗುಂಡಿ ಇರುವ ಈಕ್ವಲೈಸರು. ಇವರಿಬ್ಬರೂ ಕಾಕಾನ ಜೀವದ ಗೆಳೆಯರು. ಅವರ ಮನೆಗೆ ಹೋದ ಸೆಟ್ಟುಗಳಲ್ಲಿ ಒಂದು ಎಳ್ಳಿನಷ್ಟೂ ದೋಷವಿರಲಿಲ್ಲ. ಒಬ್ಬನ ಕಿವಿ ಮಂದವಾದದ್ದರಿಂದ ಎರಡು ತಾಲೂಕುಗಳ ಸಂಗೀತ ಸುಧಾರಿಸಿತು ಎಂದು ನಾನು ಈಗಲೂ ಹೇಳುತ್ತೇನೆ.

ರವಿವಾರ ಮೂವರೂ ನಮ್ಮ ನಡುಮನೆಯಲ್ಲಿ ಸೇರುತ್ತಿದ್ದರು. ಎರಡು ಸ್ಪೀಕರು, ನಡುವೆ ಒಂದು ಕುರ್ಚಿ. ಕುರ್ಚಿಯ ಕಾಲು ಎಲ್ಲಿರಬೇಕು ಎಂದು ನೆಲಕ್ಕೆ ಬಣ್ಣದಲ್ಲಿ ಗುರುತು ಹಾಕಲಾಗಿತ್ತು. ಆ ಜಾಗದಲ್ಲಿ ಕೂತರೆ ಮಾತ್ರ ಹಾಡುವವರು ಎದುರಿಗೇ ನಿಂತಂತೆ ಕೇಳುತ್ತದೆ ಎಂದು ಕಾಕಾನ ಸಿದ್ಧಾಂತ. ಫ್ಯಾನು ಬಂದ್, ಕಿಟಕಿ ಬಂದ್. ಸ್ಪೀಕರಿಗೂ ಕುರ್ಚಿಗೂ ನಡುವೆ ಹಾಯ್ದು ಹೋಗುವುದು ಗುಡಿಯಲ್ಲಿ ಚಪ್ಪಲಿ ಮೆಟ್ಟಿದಷ್ಟೇ ದೊಡ್ಡ ತಪ್ಪು. ಹಾಗಾಗಿ ಚಹಾ ತರುವ ಕಾಕು ಹಿತ್ತಲ ಬಾಗಿಲಿಂದ ಹೊರಬಿದ್ದು, ಮನೆಯನ್ನು ಸುತ್ತು ಹಾಕಿ, ಮುಂಬಾಗಿಲಿಂದ ಒಳಗೆ ಬರುತ್ತಿದ್ದಳು. ಚಹಾ ಆರಿರುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ, ಏಕೆಂದರೆ ಸಂಗೀತ ನಡೆದಿರುತ್ತಿತ್ತು.

ಸಂಗೀತ ಎಂದೆನೇ? ತಪ್ಪು. ಅಷ್ಟು ವರ್ಷಗಳಲ್ಲಿ ಅವರು ಒಂದು ಹಾಡನ್ನು ಪೂರ್ತಿ ಕೇಳಿದ್ದು ನಾನು ಕಾಣೆ. ಒಂದು ಚರಣ ಕೇಳುವುದು, ನಿಲ್ಲಿಸುವುದು, ಒಂದು ತಾಸು ವಾದ ಮಾಡುವುದು. ತಂಬಾಕು ವ್ಯಾಪಾರಿಗಳಿಗೆ ತೂಕದ ಮೇಲೆ ಭರವಸೆ. 'ದೇಖೋ, ಒಳಗ ಮಾಲ್ ಇದ್ರ ವಜನ ಇರ್ತೈತ್ರಿ. ತಂಬಾಕಾದ್ರೂ ಅಷ್ಟ, ಆಂಪ್ಲಿಫಾಯರ್ ಆದ್ರೂ ಅಷ್ಟ' ಎಂದು ಅವರು ಪ್ರತಿ ಹೊಸ ಸೆಟ್ಟನ್ನೂ ತಮ್ಮ ವಖಾರಿಗೆ ಒಯ್ದು, ಚೀಲ ತೂಗುವ ಕಾಟಾದ ಮೇಲೆ ಇಟ್ಟು ನೋಡುತ್ತಿದ್ದರು. ಎಷ್ಟೋ ದಿನ ನಮ್ಮ ಸೆಟ್ಟಿನಿಂದ ತಂಬಾಕಿನ ಘಾಟು ಬರುತ್ತಿತ್ತು, ಹಾಡು ಕೇಳುವಾಗ ಸೀನು ಬರುತ್ತಿತ್ತು.

ದ್ರಾಕ್ಷಿಯವರ ವಿಚಾರ ಬೇರೆ. ಅವರಿಗೆ ಬಣ್ಣ ಮುಖ್ಯ. ಬೆಳ್ಳಿ ಬಣ್ಣದ ಮುಖವಿರುವ ಸೆಟ್ಟು ಸಾತ್ವಿಕ, ಭಜನೆಗೆ ಸರಿ. ಕರಿ ಮುಖದ್ದು ಮಾತ್ರ ಬಾಸಿನ ದಪ್ಪ ದನಿಗೆ. 'ಕರೀ ಮಣ್ಣಿನ ಕಬ್ಬಿಗೂ ಕೆಂಪು ಮಸಾರಿ ಕಬ್ಬಿಗೂ ಫರಕ್ ಇಲ್ಲೇನ್ರಿ?' ಎಂದು ಕೇಳಿದರೆ ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕಾಕಾ ಇಬ್ಬರಿಗಿಂತ ಮೇಲಿನವನು, ಅವನು ಗುಂಡಿ ನೋಡುತ್ತಿದ್ದ. ಗುಂಡಿ ತಿರುಗಿಸಿದರೆ ಬೆಣ್ಣೆಯ ಮೇಲೆ ಬೆರಳು ಆಡಿಸಿದ ಹಾಗಿರಬೇಕು, ಆದರೆ ಕೊನೆಗೆ ಒಂದು ತಡೆ ಇರಬೇಕು. ರಿಮೋಟು ಬಂದಾಗ ಅವನಿಗೆ ಬಹಳ ಬೇಸರವಾಯಿತು. 'ದೊಡ್ಡವ್ರ ಮನಿಗೆ ಹೋಗಿ ಬಾಗಿಲದಾಗಿಂದ ಕೈ ಬೀಸಿ ಬಂದಂಗ ಆತಿದು. ಎದ್ದು ಹೋಗಿ ಮುಟ್ಟಿ ಮಾತಾಡಸಬೇಕು' ಅಂದ.

ಅವನಿಗೆ ಎಲ್ಲಕ್ಕಿಂತ ಪ್ರೀತಿ ಮುಳ್ಳಿನ ಮೀಟರಿನ ಮೇಲೆ. ಡೆಕ್ಕಿನ ಮುಖದ ಮೇಲೆ ಎರಡು ಸಣ್ಣ ಕಿಟಕಿ, ಹಿಂದೆ ಹಳದಿ ದೀಪ, ಹಾಡಿನ ಏರಿಳಿತಕ್ಕೆ ಕುಣಿಯುವ ಎರಡು ಮುಳ್ಳು. ಹೊಸ ಸೆಟ್ಟುಗಳಲ್ಲಿ ಮುಳ್ಳಿನ ಬದಲು ಮಿಣುಕು ದೀಪ ಬಂದಾಗ 'ದೀಪ ಸುಳ್ಳ ಹೇಳ್ತಾವು' ಎಂದು ಬೇಡವೆಂದ. ನಿಜ ಸಂಗತಿ ನನಗೂ ಕಾಕುಗೂ ಗೊತ್ತಿತ್ತು. ಆ ಹೊತ್ತಿಗೆ ಕಾಕಾ ಹಾಡನ್ನು ಕೇಳುತ್ತಿರಲಿಲ್ಲ, ನೋಡುತ್ತಿದ್ದ. ಮುಳ್ಳು ಎದ್ದಾಗ 'ಆಹಾ' ಅನ್ನುತ್ತಿದ್ದ, ಬಿದ್ದಾಗ ತಲೆದೂಗುತ್ತಿದ್ದ. ಅಷ್ಟು ಸರಿಯಾದ ಹೊತ್ತಿಗೆ 'ಆಹಾ' ಅನ್ನುವವರು ಕಿವಿ ಚೆನ್ನಾಗಿರುವವರಲ್ಲೂ ಕಡಿಮೆ.

ಕೇಳಿಸದ ತಾಳವನ್ನು ಎಳೆದು ತರಲು, ತೆಳ್ಳನೆಯ ದನಿ ಏರಿಸುವ ಟ್ರೆಬಲ್ ಗುಂಡಿ ಮೇಲಕ್ಕೆ ಹೋಗುತ್ತಲೇ ಇತ್ತು. ಒಂದು ಮಹಾನವಮಿಗೆ ಕಾಕು ಕುಡುಗೋಲು, ಇಳಿಗೆಮಣೆ, ಹೊಲಿಗೆ ಮಷಿನ್ನಿನ ಜೊತೆ ಸೆಟ್ಟಿಗೂ ಖಂಡೇಪೂಜೆ ಮಾಡಿ, ಈಕ್ವಲೈಸರಿನ ಪ್ರತಿ ಗುಂಡಿಗೂ ಕುಂಕುಮ ಏರಿಸಿದಳು. ಕುಂಕುಮ ಸಂದಿಯಲ್ಲಿ ಇಳಿದು, ಎಣ್ಣೆ ಕುಡಿದು, ಟ್ರೆಬಲ್ ಗುಂಡಿ ತುತ್ತತುದಿಯಲ್ಲೇ ಹಿಡಿದುಕೊಂಡಿತು. ಕಾಕಾ ಸಿಟ್ಟಾಗಲಿಲ್ಲ. 'ದೇವರ ಇಚ್ಛಾನೂ ಇದ ಐತಿ ನೋಡು' ಅಂದ. ಆ ಮೇಲೆ ನಮ್ಮ ನಡುಮನೆಯಲ್ಲಿ ತಾಳ ಬಾರಿಸಿದರೆ ಹಲ್ಲು ಜುಮ್ಮೆನ್ನುತ್ತಿತ್ತು, ಬಾಗಿಲ ಬಳಿ ಮಲಗಿದ ಬೆಕ್ಕು ಎದ್ದು ಹೋಗುತ್ತಿತ್ತು. ಗೆಳೆಯರಿಬ್ಬರೂ ಮುಖ ಕಿವುಚಿ ಕೂತಿರುತ್ತಿದ್ದರು, ಮುಗಿದ ಕೂಡಲೇ 'ವಾಹ್' ಅನ್ನುತ್ತಿದ್ದರು.

ಅವರು ಹಾಗೆ 'ವಾಹ್' ಅನ್ನುವುದಕ್ಕೆ ಕಾರಣವಿತ್ತು. ಬಹಳ ಹಿಂದೆಯೇ ಒಂದು ರವಿವಾರ ಕಾಕು ಕಾಕಾನ ಬೆನ್ನ ಹಿಂದೆ ನಿಂತು, ತನ್ನ ಕಿವಿ ಮುಟ್ಟಿ, ಕೈ ಅಲ್ಲಾಡಿಸಿ, ತುಟಿಯ ಮೇಲೆ ಬೆರಳಿಟ್ಟು, ಇಬ್ಬರಿಗೂ ಕೈ ಮುಗಿದಿದ್ದಳು. ಅವರು ತಲೆಯಾಡಿಸಿದರು, ಅಷ್ಟೇ. ಆದರೆ ದೊಡ್ಡವರ ಮಾತು ಸುಳ್ಳಿರಲಿ ನಿಜವಿರಲಿ, ದಿನಾ ಕೇಳಿದರೆ ರೂಢಿಯಾಗುತ್ತದೆ. ಆಮೇಲಾಮೇಲೆ ಅವರ ಮನೆಗಳಲ್ಲೂ ಟ್ರೆಬಲ್ ತುತ್ತತುದಿಗೆ ಹೋಯಿತು. ವ್ಯಾಪಾರಿಗಳ ಮನೆಯವರು ತಲೆನೋವೆಂದು ಹಣೆಗೆ ಅರಿವೆ ಕಟ್ಟಿಕೊಂಡು ಕವ್ವಾಲಿ ಕೇಳುತ್ತಿದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕರುಣೆಯಿಂದ ಶುರು ಮಾಡಿದ್ದು ಹೀಗೆ ಅಭಿರುಚಿಯಾಯಿತು.

ಇದಕ್ಕೆಲ್ಲ ನಿಜವಾಗಿ ತೆತ್ತವಳು ಕಾಕು. ಅವಳ ಮಾತು ತೆಳುವಾದದ್ದು, ಕಾಕಾನಿಗೆ ಮೊದಲು ಕಾಣೆಯಾದ ದನಿಗಳಲ್ಲಿ ಅದೂ ಒಂದು. ಒಮ್ಮೆ ಅಂದರೆ ಕೇಳದು, ಎರಡನೆಯ ಸಲ ಗಟ್ಟಿಯಾಗಿ, ಮೂರನೆಯ ಸಲ ಒದರಿ. ನಿಧಾನಕ್ಕೆ ಮೊದಲೆರಡನ್ನು ಬಿಟ್ಟು ನೇರವಾಗಿ ಮೂರನೆಯದರಿಂದಲೇ ಶುರು ಮಾಡತೊಡಗಿದಳು. 'ಜುಣಕಾ ಮಾಡ್ಲೋ, ಪಲ್ಲೆ ಮಾಡ್ಲೋ?' ಎಂದು ಒಲೆ ಮುಂದಿನಿಂದ ಕೇಳಿದರೆ ಎದುರುಮನೆಯವರು 'ಜುಣಕಾನ ಮಾಡ್ರಿ' ಎಂದು ಉತ್ತರ ಕೊಡುತ್ತಿದ್ದರು. ಕಾಕಾ ಮಾತ್ರ ಪೇಪರು ಓದುತ್ತ, 'ಈಗಿನ ಮಂದಿ ತುಟಿಯೊಳಗ ಮಾತಾಡ್ತಾರ, ಶಬ್ದ ಸ್ವಚ್ಛ ಇಲ್ಲ' ಎಂದು ಗೊಣಗುತ್ತಿದ್ದ.

ಒದರಿ ಹೇಳಬಹುದಾದ ಮಾತು ಸಂಸಾರದಲ್ಲಿ ಬಹಳ ಇರುವುದಿಲ್ಲ. ಅಡುಗೆ, ಹಾಲು, ಗ್ಯಾಸು, ಯಾರೋ ಬಂದಾರ, ಇಷ್ಟೇ. ಉಳಿದದ್ದೆಲ್ಲ ಹತ್ತಿರ ಕೂತು ಸಣ್ಣಗೆ ಆಡುವಂಥವು, ಅವೆಲ್ಲ ಅವಳ ಹೊಟ್ಟೆಯಲ್ಲೇ ಉಳಿದವು. ಅವುಗಳಲ್ಲೊಂದು ನನ್ನದು. ಬೇಡಕಿಹಾಳದಲ್ಲಿ ಕಾಕಾನ ಅಕ್ಕ ಇದ್ದಳು, ಅವಳ ಮಗನಿಗೆ ನನ್ನನ್ನು ತರಬೇಕೆಂದು ಎಲ್ಲರ ಆಸೆ. ನನಗೆ ಆ ಮನುಷ್ಯ ಸುತರಾಂ ಸೇರುತ್ತಿರಲಿಲ್ಲ. ಕಾಕುಗೆ ಹೇಳಿದೆ. ಅವಳು ಕಾಕಾನಿಗೆ ಹೇಗೆ ಹೇಳಬೇಕು? ಮನೆಯಲ್ಲಿ ಅಂದರೆ ಓಣಿಗೆ ಕೇಳುತ್ತದೆ. ಕೊನೆಗೆ ಮಾತುಕತೆಗೆಂದು ಇಬ್ಬರೂ ಮೋಟರ್ ಸೈಕಲ್ಲಿನಲ್ಲಿ ಬೇಡಕಿಹಾಳಕ್ಕೆ ಹೊರಟಾಗ, ದಾರಿಯಲ್ಲಿ ಆಳೆತ್ತರದ ಕಬ್ಬಿನ ನಡುವೆ, ಸುತ್ತ ಯಾರೂ ಇಲ್ಲವೆಂದು ನೋಡಿ, ಕಾಕಾನ ಭುಜ ತಟ್ಟಿ ಗಾಡಿ ನಿಲ್ಲಿಸಿದಳು. ಎದೆತುಂಬ ಉಸಿರು ಎಳೆದು, 'ಹುಡುಗಿಗೆ ನಿಮ್ಮಕ್ಕನ ಮಗಾ ಬ್ಯಾಡಂತ್ರೀ!' ಎಂದು ಒದರಿದಳು.

ಕಬ್ಬಿನೊಳಗಿಂದ ಕಡಿಯುವ ಗ್ಯಾಂಗಿನವರು ಕೊಯ್ತಾ ಹಿಡಿದು ಒಬ್ಬೊಬ್ಬರಾಗಿ ಎದ್ದು ನಿಂತರು. ಆ ಹೊಲ ಕಾಕಾನ ಅಕ್ಕನದೇ. ಇವರು ಊರು ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು, ಚಹಾ ಕೂಡ ಸಿಗಲಿಲ್ಲ. ನಾನು ಬಚಾವಾದೆ. ಕಾಕಾ ಮನೆಗೆ ಬಂದು, 'ಹಂಗ ಒದರೂದ ಏನಿತ್ತು ಇಕಿಗೆ? ಮೆಲ್ಲಕ ಕಿವ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನು?' ಅಂದ. ಕಾಕು ನನ್ನ ಮುಖ ನೋಡಿದಳು. ನಗು ತಡೆಯಲಾಗದೆ ನಾನು ಹಿತ್ತಲಿಗೆ ಹೋದೆ. ತಿರುಗಿ ಬಂದಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಮತ್ತು ಅದು ನಕ್ಕು ಬಂದ ನೀರಾಗಿರಲಿಲ್ಲ. ಆ ದಿನ ನನಗೆ ಕಾಕಾನ ಮೇಲೆ ಕೆಂಡದಂಥ ಸಿಟ್ಟು ಬಂತು. ಮನೆಯ ಒಂದು ದನಿ ಕೆಡುತ್ತಿದ್ದರೆ ಗೊತ್ತಾಗದವನು ಊರಿನ ಸೆಟ್ಟುಗಳ ಪರೀಕ್ಷೆ ಮಾಡುತ್ತಾನಲ್ಲ ಅನಿಸಿತು.

ತೊಂಬತ್ತರ ದಶಕದ ನಡುವೆ ಸೀಡಿ ಬಂತು. ಆ ಮೂವರು ಗೆಳೆಯರಲ್ಲಿ ಅದನ್ನು ಮೊದಲು ತಂದವರು ದ್ರಾಕ್ಷಿಯವರು. ಆ ವರ್ಷ ಬೆಳೆ ಚೆನ್ನಾಗಿತ್ತು. 'ಕಾಯ್ ಆವಾಜ್ ಆಹೇ, ಎಂಥಾ ಆವಾಜ್ರೀ! ನೀವು ಬಂದು ಹೇಳೂತನಾ ಪ್ಲಾಸ್ಟಿಕ್ ತಗಿಯಾಂಗಿಲ್ಲ' ಎಂದು ಫೋನು ಮಾಡಿದರು. ಬೇಸಿಗೆ ರಜೆ, ನಾನು ಹೇಗೂ ಜುಗೂಳಕ್ಕೆ ಹೋಗಬೇಕಿತ್ತು. ತಂಬಾಕು ವ್ಯಾಪಾರಿಗಳ ಜೀಪಿನಲ್ಲಿ ಕಾಕಾ, ಕಾಕು, ನಾನು ಎಲ್ಲ ಕಾಗವಾಡಕ್ಕೆ ಹೊರಟೆವು. ದಾರಿಯುದ್ದಕ್ಕೂ ಕಾಕಾ ಸೀಡಿಯ ಗುಣಗಳನ್ನು ವಿವರಿಸಿದ. ಟೇಪಿನ ಹಾಗೆ ಅದರಲ್ಲಿ ಹಿನ್ನೆಲೆಯಲ್ಲಿ ಸುಂಯ್ ಎನ್ನುವ ಸಪ್ಪಳ ಇರುವುದಿಲ್ಲವಂತೆ. ಟೇಪಿನ ಆ ಸುಂಯ್ ಅವನಿಗೆ ಕೇಳಿಸದೆ ಎಷ್ಟೋ ವರ್ಷವಾಗಿತ್ತು.

ಹಾಲಿನಲ್ಲಿ ಎಲ್ಲ ಸಿದ್ಧವಾಗಿತ್ತು. ಫ್ಯಾನು ಬಂದ್. ಸೆಕೆ ಅಂತ ಕಿಟಕಿ ಮಾತ್ರ ತೆರೆದಿದ್ದರು, ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಕಾಕಾನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ದ್ರಾಕ್ಷಿಯವರು ಅಭಂಗದ ಸೀಡಿ ಹಾಕಿದರು, ಕಾಕಾನಿಗೆ ಬಾಯಿಪಾಠವಾಗಿದ್ದ ಅಭಂಗ. ಮಷಿನ್ನ ಮೇಲೆ ಹಸಿರು ಅಂಕಿಗಳು ಓಡತೊಡಗಿದವು. ಮುಳ್ಳಿನ ಮೀಟರು ಮಾತ್ರ ಇರಲಿಲ್ಲ. ಕಾಕಾ ಒಂದು ಗಳಿಗೆ ಅದನ್ನು ಹುಡುಕಿದ, ಸಿಗಲಿಲ್ಲ, ಕಣ್ಣು ಮುಚ್ಚಿಕೊಂಡ. ಪೂರ್ತಿ ಮುಚ್ಚಿಕೊಂಡದ್ದು ಅದೇ ಮೊದಲು. ತೊಡೆಯ ಮೇಲೆ ತಾಳ ಹಾಕುತ್ತ ತಲೆದೂಗತೊಡಗಿದ.

ಎರಡನೆಯ ಚರಣದ ನಡುವೆ ಕರೆಂಟು ಹೋಯಿತು. ಹಸಿರು ಅಂಕಿ ಆರಿತು, ಹಾಡು ನಿಂತಿತು, ಹೊರಗೆ ಎಲ್ಲೋ ಎಮ್ಮೆ ಕೂಗಿದ್ದು ಕೇಳಿಸಿತು. ಕಾಕಾನ ಕೈ ನಿಲ್ಲಲಿಲ್ಲ. ತೊಡೆಯ ಮೇಲೆ ತಾಳ ಬೀಳುತ್ತಲೇ ಇತ್ತು, ಒಂದೂ ತಪ್ಪದೆ, ಎಲ್ಲಿ ಸಮಕ್ಕೆ ಬರಬೇಕೋ ಅಲ್ಲೇ ಬಂದು. ಬಾಗಿಲ ಬಳಿ ಕೂತಿದ್ದ ಕಾಕು ಎದ್ದಳು. ವ್ಯಾಪಾರಿಗಳು ಕೈ ಎತ್ತಿ ಬೇಡವೆಂದರು. ನಾವೆಲ್ಲ ಕೂತೆವು. ಏನೂ ಕೇಳಿಸದ ಆ ಹಾಲಿನಲ್ಲಿ ಅಷ್ಟೂ ಜನ ಉಸಿರು ಬಿಗಿಹಿಡಿದು, ಕಾಕಾನ ತಲೆಯೊಳಗಿನ ಅಭಂಗ ಮುಗಿಯಲಿ ಎಂದು ಕಾದೆವು. ಇಷ್ಟು ವರ್ಷಗಳಲ್ಲಿ ಅವರು ಒಂದು ಹಾಡನ್ನು ನಡುವೆ ನಿಲ್ಲಿಸದೆ ಕೇಳಿದ್ದು ಅದೊಂದೇ ಸಲ.

ಹಾಡು ಮುಗಿಯಿತು. ಕಣ್ಣು ಮುಚ್ಚಿದಂತೆಯೇ ಕಾಕಾ ತೀರ್ಪು ಕೊಟ್ಟ. 'ಇದರ ಗುಣ ಅಂದ್ರ ಶಾಂತತಾ. ಹಿಂದ ಏನೂ ಗಡಿಬಿಡಿ ಇಲ್ಲ. ಇಂಥಾ ಸ್ವಚ್ಛ ಆವಾಜ ನಾ ಕೇಳೇ ಇಲ್ಲ. ಟ್ರೆಬಲ್ ಇನ್ನೂ ಸ್ವಲ್ಪ...' ಎನ್ನುತ್ತ ಕಣ್ಣು ತೆರೆದ. ಸತ್ತ ಮಷಿನ್ನು ನೋಡಿದ. ಗೋಡೆಯ ಸ್ವಿಚ್ ಬೋರ್ಡಿನ ಕೆಂಪು ದೀಪ ನೋಡಿದ, ಅದೂ ಆರಿತ್ತು. ಆಮೇಲೆ ನಮ್ಮ ಮುಖಗಳನ್ನು ನೋಡಿದ.

'ಈಗ ಹೋತ್ರಿ ಲೈಟು, ಈಗಿಂದೀಗ' ಅಂದರು ದ್ರಾಕ್ಷಿಯವರು.

'ಹೌದ್ರಿ, ಹಾಡು ಮುಗೀತು, ಲೈಟು ಹೋತು' ಅಂದರು ವ್ಯಾಪಾರಿಗಳು.

'ಹೌದು, ಈಗ ಹೋತು' ಅಂದ ಕಾಕಾ. ಜೀಪಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಜುಗೂಳದ ದಾರಿಯಲ್ಲಿ ನಾನು ಇಳಿದಾಗಲೂ ತಿರುಗಿ ನೋಡಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಆ ಕ್ಷಣಕ್ಕೆ ಎಲ್ಲಿ ಹೋಯಿತೋ, ಅಳು ಬಂತು.

ಕೆಲವು ದಿನ ಅವನು ಸೆಟ್ಟಿನ ಮೇಲಿನ ಕ್ರೋಶಾ ಹೊದಿಕೆ ತೆಗೆಯಲಿಲ್ಲವಂತೆ. ಆಮೇಲೆ ಒಂದು ಮುಂಜಾನೆ ಚಹಾ ಕುಡಿಯುತ್ತ ತಾನೇ, 'ಮಿರಜಕ್ಕ ಹೋಗಿ ಬರೂನು, ಕಿವ್ಯಾಗ ಏನೋ ಗುಗ್ಗಿ ಕೂತಂಗ ಆಗೇತಿ' ಅಂದನಂತೆ. ಕಾಕು ನನಗೆ ಹೇಳಿಕಳಿಸಿದಳು, ನಾನೂ ಹೋದೆ. ಮಿರಜದಲ್ಲಿ ಡಾಕ್ಟರು ಅವನನ್ನು ಸುತ್ತ ಮೆತ್ತೆ ಹೊಡೆದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಸಪ್ಪಳ ಕೇಳಿದಾಗಲೆಲ್ಲ ಬೆರಳು ಎತ್ತಬೇಕೆಂದು ಹೇಳಿದರು. ಕಾಕಾ ಗಾಜಿನಾಚೆ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದ, ಹೆಡ್‌ಫೋನಿನ ಚರ್ಮ ಸವರುತ್ತಿದ್ದ. ಶುರುವಿನಲ್ಲಿ ಬೆರಳು ಎತ್ತಿದ. ಆಮೇಲೆ ಎತ್ತಲಿಲ್ಲ. ಎಲ್ಲ ಮುಗಿದು ಡಾಕ್ಟರು ಬಾಗಿಲು ತೆಗೆದಾಗ, 'ರೂಮ ಭಾಳ ಚಲೋ ಐತ್ರಿ. ಉಳದದ್ದು ಯಾವಾಗ ಚಾಲೂ ಮಾಡ್ತೀರಿ?' ಎಂದು ಕೇಳಿದ.

ಕಿವಿಯ ಹಿಂದೆ ಸಿಕ್ಕಿಸುವ ಒಂದು ಮಷಿನ್ನು ಕೊಟ್ಟರು. ಎರಡೂ ಕಿವಿಗೆ ಬೇಡ, ಸದ್ಯ ಬಲಗಿವಿಗೆ ಸಾಕು ಅಂದರು. ಬಸ್ಸಿನಲ್ಲಿ ಕಾಕಾ ಅದನ್ನು ಅಂಗೈಯಲ್ಲಿಟ್ಟು ಪರೀಕ್ಷಿಸಿದ. ವಜನ ಇಲ್ಲ. ಪೂರ್ತಿ ಪ್ಲಾಸ್ಟಿಕ್ಕು. ಬಣ್ಣವೋ, ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಯಾರ ಚರ್ಮಕ್ಕೂ ಇಲ್ಲದ ಗುಲಾಬಿ. ಗುಂಡಿ ಜೋಳದ ಕಾಳಿನಷ್ಟು, ತಿರುಗಿಸಿದರೆ ಕೊನೆಗೆ ತಡೆಯೂ ಇಲ್ಲ. 'ಮೊನೋ. ಒಂದ ಕಡೀದು' ಎಂದು ಗೊಣಗಿ ಜೇಬಿಗೆ ಹಾಕಿಕೊಂಡ. ಜೀವನವೆಲ್ಲ ಎರಡು ಸ್ಪೀಕರಿನ ನಡುವೆ ಕುರ್ಚಿ ಹಾಕಿದವನ ಕಷ್ಟ ನನಗೆ ಅರ್ಥವಾಯಿತು.

ಮರುದಿನ ಮಧ್ಯಾಹ್ನ ಅದನ್ನು ಹಾಕಿಕೊಂಡ. ನಡುಮನೆಯ ಆ ಕುರ್ಚಿಯಲ್ಲೇ ಕೂತು, ಮಷಿನ್ನಿನ ಗುಂಡಿ ತಿರುಗಿಸಿದ. ಫ್ಯಾನಿನ ಕಡೆ ನೋಡಿದ. ತನ್ನ ಅಂಗಿಯ ತೋಳನ್ನು ಉಜ್ಜಿ ಕೇಳಿದ. ನಾನು ಅಡುಗೆಮನೆಯಲ್ಲಿ ತಾಟು ಇಡುತ್ತಿದ್ದೆ, 'ಏ ತಂಗಿ, ಇನ್ನೊಮ್ಮಿ ಇಡು' ಅಂದ. ಇಟ್ಟೆ. 'ಸ್ಟೀಲಿನ ಆವಾಜ ಭಾಳ ಚಲೋ ಬರ್ತೈತಿ' ಅಂದ. ಅವನ ಮುಖದಲ್ಲಿ ಹೊಸ ಸೆಟ್ಟು ಬಂದ ದಿನದ ಕಳೆ ಇತ್ತು. ಅಷ್ಟರಲ್ಲಿ ಕಾಕು ರೂಢಿಯಂತೆ ಒಲೆ ಮುಂದಿನಿಂದ ಒದರಿದಳು. 'ಊಟಕ್ಕ ಏಳ್ರೀ!'

ಕಾಕಾ ಕುರ್ಚಿಯಿಂದ ಹಾರಿಬಿದ್ದ. ಕಿವಿಗೆ ಕೈ ಒತ್ತಿಕೊಂಡ. 'ಯಾಕ ಹಂಗ ಒದರ್ತಿ? ಕೇಳಸ್ತೈತಿ ಈಗ. ಸಣ್ಣಗ ಮಾತಾಡು' ಅಂದ.

ಕಾಕು ಕೈ ಒರೆಸಿಕೊಳ್ಳುತ್ತ ಬಂದು ಅವನೆದುರು ನಿಂತಳು. ಸಣ್ಣಗೆ ಮಾತಾಡಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ಪ್ರಯತ್ನಿಸಿದಳು, ಒಡಕು ದನಿ ಹೊರಬಿದ್ದು ಮತ್ತೆ ಮೊದಲಿನಷ್ಟೇ ಗಟ್ಟಿಯಾಯಿತು. ಮೂರನೆಯ ಸಲವೂ ಹಾಗೇ ಆಯಿತು. ಅವಳಿಗೇ ಆಶ್ಚರ್ಯ. ನನ್ನ ಕಡೆ ತಿರುಗಿ ನಗಲು ನೋಡಿದಳು, ಆಗಲಿಲ್ಲ. ಕಾಕಾ ಅವಳನ್ನೇ ನೋಡುತ್ತ, ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಿದ್ದ.

'ನಿನ್ನ ದನಿ ಮೊದಲ ಹಿಂಗ ಇರಲಿಲ್ಲ' ಅಂದ.

'ನಿಮ್ಮ ಕಿವಿನೂ ಮೊದಲ ಹಿಂಗ ಇರಲಿಲ್ರೀ!' ಎಂದು ಕಾಕು ಒದರಿದಳು. ಬೇಕೆಂದು ಒದರಿದ್ದಲ್ಲ, ಅವಳಿಗೆ ಇದ್ದದ್ದೇ ಆ ದನಿ. ಇಷ್ಟು ವರ್ಷ ಅವಳು ಯಾವ ಮಾತನ್ನು ಯಾರೂ ಆಡದಂತೆ ಕಾದಿದ್ದಳೋ ಆ ಮಾತನ್ನು ಅವಳೇ ಆಡಿದ್ದಳು, ಅದೂ ಓಣಿಗೆಲ್ಲ ಕೇಳುವಂತೆ. ಎದುರುಮನೆಯಲ್ಲಿ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ಕಾಕು ಸೆರಗು ಬಾಯಿಗೆ ಒತ್ತಿಕೊಂಡಳು.

ಕಾಕಾನ ಕೈ ಕಿವಿಯ ಹಿಂದಕ್ಕೆ ಹೋಯಿತು. ಮಷಿನ್ನು ತೆಗೆದೊಗೆಯುತ್ತಾನೆ ಅಂದುಕೊಂಡೆ, ತೆಗೆಯಲಿಲ್ಲ. ಆಮೇಲೆ ಕೇಳಿದ: 'ನಿಪ್ಪಾಣಿಯವ್ರಿಗೂ ಗೊತ್ತಿತ್ತೇನು? ಕಾಗವಾಡದವ್ರಿಗೂ?'

ಕಾಕು ಕುರ್ಚಿಯ ಬಳಿ ನೆಲದ ಮೇಲೆ ಕೂತಳು, ಅವನ ಮೊಣಕಾಲ ಮೇಲೆ ಕೈ ಇಟ್ಟಳು.

'ಹ್ಞೂಂ' ಅಂದಳು.

ಅದೊಂದು ಸಣ್ಣಗೆ ಬಂತು. ಕಾಕಾನಿಗೆ ಕೇಳಿಸಿತು.